ಮನೆಯಲ್ಲಿ ಕನ್ನಡ ಬಿಟ್ಟರೆ ಮಗನಿಗೆ ಓದು ಬರುತ್ತದಂತೆ!

ಮುಂಬೈ ಪಕ್ಕದ ಡೊಂಬಿವಿಲಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಿಂದ ಈಗಷ್ಟೇ ಮನೆಗೆ ಬಂದೆ. ತಲೆ ಇನ್ನೂ ಕಾದಿದೆ. ಸ್ವಲ್ಪ ತಡೆದು ಬರೆದಿದ್ದರೆ ಭಾಷೆ ಮೆತ್ತಗಿರುತ್ತಿತ್ತೇನೋ. ಆಗಲಿಲ್ಲ.

ತಮ್ಮನ ಮಗ ಆರನೇ ಕ್ಲಾಸು. ಡಿಸ್‌ಲೆಕ್ಸಿಯಾ ಇದೆ, ಅಂದರೆ ಓದೋದು ಬರೆಯೋದು ಕಷ್ಟ. ಎಲ್‌ಡಿ (ಕಲಿಕೆಯ ತೊಂದರೆ) ಸರ್ಟಿಫಿಕೇಟ್ ಕೈಗೆ ಬಂದು ತಿಂಗಳುಗಳಾದವು. ಇವತ್ತು ಅವನ ಐಇಪಿ, ಅಂದರೆ ಅವನೊಬ್ಬನಿಗಾಗಿಯೇ ಮಾಡಿದ ಕಲಿಕೆಯ ಪ್ಲಾನ್ ಕೊಡುತ್ತೇವೆ ಅಂತ ಕರೆದಿದ್ದರು. ಕೊಟ್ಟರು. ಒಂದೇ ಒಂದು ಹಾಳೆ. ಯಾರಿಗೋ ಹಿಂದೆ ತುಂಬಿದ ಫಾರಂ. ಹೆಸರಿನ ಜಾಗಕ್ಕೆ ವೈಟ್‌ನರ್ ಹಚ್ಚಿ ಮೇಲೆ ನಮ್ಮ ಹುಡುಗನ ಹೆಸರು ಬರೆದಿದ್ದಾರೆ. ಕೆಳಗಡೆ ತಿದ್ದೋಕೆ ಮರೆತಿದ್ದಾರೆ. ಹಾಗಾಗಿ ಎರಡು ಸಾಲಿನಲ್ಲಿ ನಮ್ಮ ಹುಡುಗ ಹುಡುಗಿಯಾಗಿಯೇ ಉಳಿದಿದ್ದಾನೆ.

ಪ್ಲಾನಿನಲ್ಲಿ ಇದ್ದದ್ದೇನು? ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ. ಬೇಕಿದ್ದರೆ ರೈಟರ್, ಅಂದರೆ ಅವನು ಹೇಳಿದ ಉತ್ತರ ಬರೆದುಕೊಡುವವರು. ಆಮೇಲೆ, ಮನೆಯಲ್ಲಿ ಇಂಗ್ಲಿಷ್‌ನಲ್ಲೇ ಮಾತಾಡಿ, ಬೇರೆ ಭಾಷೆಯಿಂದ ಮಗು ಕನ್‌ಫ್ಯೂಸ್ ಆಗುತ್ತಿದೆ. ಅಷ್ಟೇ. ಮುಗೀತು.

ಅಂದರೆ ಶಾಲೆ ಮಾಡಬೇಕಾದದ್ದು ಪರೀಕ್ಷೆ ದಿನ ಗಡಿಯಾರ ನೋಡುವುದು. ಬಾಕಿ ವರ್ಷವಿಡೀ ಕೆಲಸ ನಮ್ಮದು. ಅದೂ ಏನು ಕೆಲಸ? ಅಜ್ಜಿ ಜೊತೆ ಕನ್ನಡ ಬಿಡೋದು!

ನಾನು ಕೇಳಿದೆ: "ಮೇಡಂ, ಇವನು ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಮೂರೂ ಓದಿ ಬರೆಯಬೇಕು. ಕನ್ನಡವನ್ನು ಬರೆಯೋದೇ ಇಲ್ಲ, ಬರೀ ಮಾತಾಡ್ತಾನೆ. ಕನ್‌ಫ್ಯೂಸ್ ಮಾಡ್ತಿರೋದು ಕನ್ನಡವೇ ಅಂತ ಹೇಗೆ ಗೊತ್ತಾಯ್ತು?" ಉತ್ತರವಿಲ್ಲ. ಮನೆಮಾತಿನಿಂದ ಡಿಸ್‌ಲೆಕ್ಸಿಯಾ ಬರುವುದಿಲ್ಲ ಸ್ವಾಮಿ. ಅದು ಅಕ್ಷರ ಮತ್ತು ಸದ್ದನ್ನು ಮಿದುಳು ಜೋಡಿಸುವ ರೀತಿಗೆ ಸಂಬಂಧಪಟ್ಟದ್ದು. ಮನೆತನದಲ್ಲೂ ಹರಿದು ಬರುತ್ತದೆ. ತಮಾಷೆ ನೋಡಿ, ಈ ಎಲ್‌ಡಿ ಪತ್ತೆಗೆ ಕೇಂದ್ರ ಸರ್ಕಾರ 2018ರಲ್ಲಿ ಹೇಳಿದ ಟೆಸ್ಟು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದು. ಟೆಸ್ಟ್ ಕನ್ನಡದ ಊರಿನದಾದರೆ ನಡೆಯುತ್ತೆ, ಮಾತು ಮಾತ್ರ ಕನ್ನಡ ಬೇಡ!

ಹೆಚ್ಚುವರಿ ಸಮಯ ಬೇಡ ಅಂತಲ್ಲ. ಬೇಕೇ ಬೇಕು. ಆದರೆ ಅದು ಹಕ್ಕು, ಪ್ಲಾನ್ ಅಲ್ಲ. ಪಾಠವನ್ನೇ ತಲುಪಿಸದೆ ಪರೀಕ್ಷೆಗೆ ಟೈಮ್ ಜಾಸ್ತಿ ಕೊಡೋದು, ಎಲೆಗೆ ಏನೂ ಬಡಿಸದೆ ನಿಧಾನಕ್ಕೆ ಊಟ ಮಾಡಿ ಅಂದ ಹಾಗೆ. ಪ್ಲಾನ್ ಅಂದರೆ ಹುಡುಗ ಈಗ ಎಲ್ಲಿದ್ದಾನೆ, ದೀಪಾವಳಿ ರಜೆಯ ಹೊತ್ತಿಗೆ ಎಲ್ಲಿಗೆ ಬರಬೇಕು, ಯಾರು ಕಲಿಸ್ತಾರೆ, ವಾರದಲ್ಲಿ ಯಾವ ಪೀರಿಯಡ್, ಮತ್ತೆ ಯಾವತ್ತು ಕೂತು ನೋಡೋದು. ಇದರಲ್ಲಿ ಒಂದಾದರೂ ಆ ಹಾಳೆಯಲ್ಲಿ ಇರಬೇಕಿತ್ತಲ್ವಾ?

ಅಮೆರಿಕದಲ್ಲಿ 1975ರಲ್ಲೇ ಇದಕ್ಕೆ ಕಾನೂನು ಬಂತು. ಅಪ್ಪ ಅಮ್ಮ ಆ ಮೀಟಿಂಗಿನ ಸದಸ್ಯರು, ವರ್ಷಕ್ಕೊಮ್ಮೆಯಾದರೂ ಪ್ಲಾನ್ ತೆಗೆದು ನೋಡಲೇಬೇಕು. ಅದು ಅಮೆರಿಕ, ಇಲ್ಲಿ ಅದೆಲ್ಲ ಎಲ್ಲಿ ಅಂತೀರಾ? ಇಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅದರ 21 ಬಗೆಗಳಲ್ಲಿ ಇವನ ತೊಂದರೆಯೂ ಸೇರಿದೆ. 16ನೇ ಸೆಕ್ಷನ್ ತೆಗೆದು ಓದಿ. ಕಲಿಕೆಯ ತೊಂದರೆಯನ್ನು ಬೇಗ ಗುರುತಿಸಬೇಕು, ಅದಕ್ಕೆ ತಕ್ಕ ಹಾಗೆ ಕಲಿಸಬೇಕು, ಇಂಥ ಪ್ರತಿ ಮಗುವಿನ ಪ್ರಗತಿಯ ಮೇಲೆ ಕಣ್ಣಿಡಬೇಕು ಅಂತಿದೆ. 17ನೇ ಸೆಕ್ಷನ್‌ನಲ್ಲಿ ಎರಡನೇ, ಮೂರನೇ ಭಾಷೆಯ ವಿನಾಯಿತಿಯ ಮಾತೂ ಇದೆ. ಅದನ್ನು ಶಾಲೆಯವರು ಬಾಯಿಬಿಟ್ಟು ಹೇಳಲೇ ಇಲ್ಲ. ಬಿಡಿ ಅಂದದ್ದು ಯಾವ ಭಾಷೆಯನ್ನು? ಮಾರ್ಕ್ಸ್ ಕಾರ್ಡಿನಲ್ಲೇ ಇಲ್ಲದ ಕನ್ನಡವನ್ನು.

"ಟೀಚರ್ ಪಾಪ, ಐವತ್ತು ಅರವತ್ತು ಮಕ್ಕಳನ್ನು ನೋಡಬೇಕು" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಒಪ್ಪಿದೆ. ಅದಕ್ಕೇ ಸುಪ್ರೀಂ ಕೋರ್ಟ್ 2021ರಲ್ಲಿ ಇಂಥ ಮಕ್ಕಳಿಗೆ ಪ್ರೈಮರಿಯಲ್ಲಿ ಹತ್ತಕ್ಕೊಬ್ಬರು, ಮೇಲಿನ ಕ್ಲಾಸುಗಳಲ್ಲಿ ಹದಿನೈದಕ್ಕೊಬ್ಬರು ಸ್ಪೆಷಲ್ ಟೀಚರ್ ಇರಲಿ ಅಂದದ್ದು. ಅದು ಸರ್ಕಾರ, ಮ್ಯಾನೇಜ್‌ಮೆಂಟ್ ನೋಡಿಕೊಳ್ಳಬೇಕಾದ ಮಾತು. ಆದರೆ ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ ಅನ್ನೋದಕ್ಕೆ ಯಾವ ಬಜೆಟ್ ಬೇಕು? ಬೋರ್ಡ್ ಮೇಲಿನದನ್ನು ಒಂದು ಫೋಟೋ ತೆಗೆದು ಅಮ್ಮನಿಗೆ ವಾಟ್ಸಾಪ್ ಮಾಡೋಕೆ? ಆ ಎರಡು ಸಾಲನ್ನಾದರೂ ಪ್ಲಾನಿನಲ್ಲಿ ಬರೆಯಬಹುದಿತ್ತು.

ಮೀಟಿಂಗಿಗೆ ಅಪ್ಪನ ಬದಲು ಅತ್ತೆ ಯಾಕೆ ಹೋದಳು ಅಂತ ಕೆಲವರು ಕೇಳಬಹುದು. ನನ್ನ ತಮ್ಮ ಶಾಲೆಯ ಗೇಟ್ ದಾಟೋದಿಲ್ಲ. ಸ್ಟೇಷನ್ ಹತ್ತಿರ ಹೋಟೆಲ್ ನಡೆಸ್ತಾನೆ. ಎಂಟು ಜನ ತಿಂದೆದ್ದರೆ ಬಿಲ್ಲು ಬಾಯಲ್ಲೇ ಹೇಳ್ತಾನೆ. ಬ್ಯಾಂಕಿನ ಫಾರಂ ಇವತ್ತಿಗೂ ನಾನೇ ತುಂಬೋದು. ಹತ್ತನೇ ಕ್ಲಾಸಲ್ಲಿ ಫೇಲಾದಾಗ ದಡ್ಡ ಅಂದರು, ಸೋಮಾರಿ ಅಂದರು, ಅಪ್ಪನ ಬೆಲ್ಟ್ ಕೂಡ ಬಿತ್ತು. ಆ ಕಾಲಕ್ಕೆ ಇಂಥ ತೊಂದರೆ ಇರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ, ಸರಿ. ಮಗನ ಕಾಲಕ್ಕೆ ಗೊತ್ತಿದೆ, ಸರ್ಟಿಫಿಕೇಟ್ ಇದೆ, ಕಾಯ್ದೆ ಇದೆ. ಆದರೂ ವೈಟ್‌ನರ್!

ಹಾಳೆಗೆ ಸಹಿ ಹಾಕಬೇಡ ಅಂತ ಹುಡುಗನ ಅಮ್ಮನಿಗೆ ಹೇಳಿದೆ. "ಅಕ್ಕಾ, ಮಗನ ಮೇಲೆ ಸಿಟ್ಟು ತೀರಿಸಿಕೊಂಡರೆ?" ಅಂದಳು. ಆ ಭಯ ಸುಳ್ಳಲ್ಲ. ಆದರೂ ಸಹಿ ಹಾಕಲಿಲ್ಲ, ಹೊಸ ಪ್ಲಾನ್ ಬರೆದುಕೊಡಿ ಅಂತ ಅರ್ಜಿ ಕೊಟ್ಟು, ಕಾಪಿಯ ಮೇಲೆ ಶಾಲೆಯ ಸೀಲು ಹಾಕಿಸಿಕೊಂಡು ಬಂದಿದ್ದೇವೆ.

ಠಾಣೆ, ಕಲ್ಯಾಣ್ ಕಡೆ ಒಳ್ಳೆಯ ಸ್ಪೆಷಲ್ ಎಜುಕೇಟರ್ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಬ್ರಾಹ್ಮಿ ಎಲೆ ತಿನ್ನಿಸಿ, ಬಜೆ ತೇಯ್ದು ನೆಕ್ಕಿಸಿ ಅನ್ನೋರು ದಯವಿಟ್ಟು ಇವತ್ತೊಂದು ದಿನ ಸುಮ್ನಿರಿ.