ಹಳದಿ ಪಿನ್ನಿನ ಕಾಲ ಮುಗೀತ್ರಿ

‘ದುಬಾರಿ ಎಚ್‌ಡಿಎಂಐ ಕೇಬಲ್ ಹಾಕಿದರೆ ಪಿಎಸ್5 ಬಣ್ಣ ಗಾಢವಾಗುತ್ತದೆ’ ಅಂತ ಪ್ಲೇಸ್ಟೇಷನ್ 5 ಗೇಮ್ ಮಷಿನ್ನಿನ ಬಗ್ಗೆ ಬರದೀರಲ್ಲ, ಒಪ್ಪಂಗಿಲ್ರಿ. ಎಚ್‌ಡಿಎಂಐ ಅಂದ್ರ ಮಷಿನ್ನಿಂದ ಟಿವಿಗೆ ಚಿತ್ರ, ದನಿ ಒಯ್ಯೋ ಕೇಬಲ್. ಕೇಬಲ್ ಬದಲಿಸಿದ್ರ ಚಿತ್ರ ಸುಧಾರಿಸ್ತದ ಅನ್ನೋ ಮಾತು ಹಳೆ ಪಿಎಸ್2ಗೆ ಖರೆ. ಚಿತ್ರ ಒಯ್ಯೋ ಹಳೆ ಹಳದಿ ಪಿನ್ ಕಿತ್ತು ಕೆಂಪು-ಹಸಿರು-ನೀಲಿ ಕಾಂಪೊನೆಂಟ್ ಕೇಬಲ್ ಚುಚ್ಚಿದ ದಿನ ಕ್ರಿಕೆಟ್ ಗೇಮಿನ ಸ್ಕೋರು ಮೊದಲ ಸಲ ನೆಟ್ಟಗ ಓದಾಕ ಬಂತು. ಅದು ಅನಲಾಗ್, ಸಿಗ್ನಲ್ ಕೆಟ್ಟಷ್ಟು ಚಿತ್ರನೂ ಮಸುಕಾಗ್ತದ. ಎಚ್‌ಡಿಎಂಐ ಡಿಜಿಟಲ್: ಸಿಗ್ನಲ್ ಕೆಟ್ರ ಬಿಳಿ ಚುಕ್ಕಿ ಮಿಣಮಿಣ ಅಂತಾವು, ಇಲ್ಲಾ ಪರದೆನ ಕಪ್ಪಾಗ್ತದ, ಬಣ್ಣ ಪೇಲವ ಆಗಂಗಿಲ್ಲ. ವಿಜಯಪುರ ಗಾಂಧಿ ಚೌಕದ ಹತ್ರ ಒಬ್ಬಾವ ‘ಬಂಗಾರದ ಲೇಪ ಅದರಿ’ ಅಂತ ನನ್ನಿಂದ ₹2,800 ಕಿತ್ಕೊಂಡ. ಪಿಎಸ್5 ಡಬ್ಬಿಯಾಗ ಪುಕ್ಕಟೆ ಬಂದ ಕೇಬಲ್ಲಿಗೂ ಅದಕ್ಕೂ ಎಳ್ಳಷ್ಟೂ ಫರಕ ಕಾಣಲಿಲ್ಲ. 4ಕೆ 120 ಹರ್ಟ್ಸ್‌ಗೆ (ಭಾಳ ಸ್ಪಷ್ಟ ಚಿತ್ರ, ಸೆಕೆಂಡಿಗೆ 120 ಸಲ) ಸಾಕಾಗೋ, ಸೆಕೆಂಡಿಗೆ 48 ಗಿಗಾಬಿಟ್ ತನಕ ಒಯ್ಯೋ ‘ಅಲ್ಟ್ರಾ ಹೈ ಸ್ಪೀಡ್’ ಕೇಬಲ್ ಅದ ಡಬ್ಬಿಯಾಗ ಇರ್ತದ. ಟಿವಿಯ ಯಾವ ಪೋರ್ಟಿಗೆ ಚುಚ್ಚೀರಿ ನೋಡ್ಕೋರಿ, ಭಾಳ ಟಿವಿಯಾಗ 120 ಹರ್ಟ್ಸ್ ಒಂದೆರಡಕ್ಕಷ್ಟ ಇರ್ತದ.