ಅರಿಶಿನ, ಕುಂಕುಮ ಮತ್ತು 119ನೇ ನಿಮಿಷ

ತಪ್ಪು ಉಪ್ಪಿನಕಾಯಿಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

2024ರ ಜುಲೈ ಮೊದಲ ವಾರ ಅವ್ವ ಧಾರವಾಡದಿಂದ ಪರಿಚಯದವರ ಕೈಲಿ ಕಳಿಸಿದ ಮಾವಿನ ಉಪ್ಪಿನಕಾಯಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ನಮ್ಮ ಮನೆಗೆ ಬಂತು. ಭರಣಿ ಒಡೆಯಬಾರದು ಅಂತ ಕೈಗೆ ಸಿಕ್ಕ ಬಟ್ಟೆ ಸುತ್ತಿದ್ದಳು. ಕೈಗೆ ಸಿಕ್ಕಿದ್ದು ನನ್ನ ಹಳೇ ರಾಜ್ಯೋತ್ಸವದ ಶಲ್ಯ. ಅರ್ಧ ಹಳದಿ, ಅರ್ಧ ಕೆಂಪು. ಭರಣಿ ಒಡೆಯಲಿಲ್ಲ, ಸುಮ್ನೆ ಸೋರಿತು.

ಹೆಂಡತಿ ಎರಡು ಸಲ ಒಗೆದಳು. ಎಣ್ಣೆ ಕಲೆ ಹೋಗಲಿಲ್ಲ. ಬಿಸಿಲಿಗಾದರೂ ಹೋಗಲಿ ಅಂತ ಬಾಲ್ಕನಿ ಕಂಬಿಗೆ ಹಾಕಿ ನಾಲ್ಕು ಕ್ಲಿಪ್ ಚುಚ್ಚಿದಳು. ಅವತ್ತು ಜುಲೈ 5, ಶುಕ್ರವಾರ. ಸಂಜೆ ಆರಕ್ಕೆ ಯೂರೋ ಕಪ್ ಫುಟ್‌ಬಾಲ್ ಕ್ವಾರ್ಟರ್ ಫೈನಲ್. ಜರ್ಮನಿಗೂ ಸ್ಪೇನಿಗೂ. ಅದೂ ನಮ್ಮೂರಿನ ಸ್ಟೇಡಿಯಂನಲ್ಲೇ.

ಸ್ಪೇನಿನ ಬಾವುಟ ಕೆಂಪು-ಹಳದಿ-ಕೆಂಪು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಒಣಹಾಕಿದ ಬಟ್ಟೆ ನೋಡಿ ಯಾರಿಗಾದರೂ ವಿದೇಶಾಂಗ ನೀತಿ ಹೊಳೆಯುತ್ತದಾ? ಇಡೀ ಬೀದಿಯಲ್ಲಿ ಜರ್ಮನಿಯ ಕಪ್ಪು-ಕೆಂಪು-ಬಂಗಾರ ಬಣ್ಣ. ಕಾರಿನ ಕನ್ನಡಿಗಳಿಗೂ ಬಾವುಟದ ಕುಲಾವಿ ತೊಡಿಸಿದ್ದರು. ಅದರ ನಡುವೆ ಎರಡನೇ ಮಹಡಿಯಲ್ಲಿ ನಮ್ಮ ಶಲ್ಯ ಒಂದೇ ಗಾಳಿಗೆ ಪಟಪಟ ಅಂತಿತ್ತು.

ಕೆಳಗಿನ ಮನೆಯ ಅಜ್ಜ ಕಸದ ಡಬ್ಬಿ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದರು. ನಮ್ಮದು ಅಷ್ಟೇನೂ ಬೆಚ್ಚಗಿನ ಸಂಬಂಧವಲ್ಲ. ಒಂದು ಭಾನುವಾರ ಮಧ್ಯಾಹ್ನ ನಮ್ಮ ಕುಕ್ಕರ್ ಮೂರು ಸೀಟಿ ಹಾಕಿದ್ದಕ್ಕೆ ಅವರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಈ ದೇಶದಲ್ಲಿ ಭಾನುವಾರ ಸದ್ದು ಮಾಡುವ ಹಾಗಿಲ್ಲ. ರಾತ್ರಿ ಹತ್ತರ ಮೇಲಂತೂ ಉಸಿರನ್ನೂ ಮೆಲ್ಲಗೆ ಬಿಡಬೇಕು. ಆದರೆ ಯೂರೋ ಕಪ್ ಬಂದರೆ ಕಾನೂನೇ ಮೆತ್ತಗಾಗುತ್ತದೆ. ಬಯಲಿನಲ್ಲಿ ದೊಡ್ಡ ಪರದೆ ಹಾಕಿ ಹತ್ತರ ಮೇಲೂ ಕೂಗಾಡಲಿ ಅಂತ ಸರ್ಕಾರವೇ ನಿಯಮ ಸಡಿಲಿಸಿತ್ತು. ಕುಕ್ಕರಿಗೆ ವಿನಾಯಿತಿ ಇರಲಿಲ್ಲ.

ಅಜ್ಜ ನನ್ನನ್ನು ಕಂಡು ಕೇಳಿದರು: "ಷ್ಪಾನಿಯೆನ್?"

ನನಗೆ ಕೇಳಿಸಿದ್ದು "ಷ್ಪಾನೆಂಡ್". ಅಂದರೆ ರೋಚಕ, ಮೈ ಜುಂ ಅನ್ನುವಂಥದ್ದು. ಪಂದ್ಯದ ಬಗ್ಗೆ ಕೇಳುತ್ತಿದ್ದಾರೆ, ಎರಡು ವರ್ಷದಲ್ಲಿ ಮೊದಲ ಸಲ ತಾವಾಗಿಯೇ ಮಾತಾಡಿಸುತ್ತಿದ್ದಾರೆ ಅಂತ ಖುಷಿಯಾಗಿ, "ಯಾ ಯಾ! ಜೇರ್!" ಎಂದೆ. ಹೌದು ಹೌದು, ಬಹಳ! ಷ್ಪಾನಿಯೆನ್ ಅಂದರೆ ಸ್ಪೇನ್ ಎಂದು ಹೊಳೆದದ್ದು ಮರುದಿನ.

ನಮ್ಮ ಮನೆ ಇರುವುದು ಬಾಡ್ ಕಾನ್‌ಸ್ಟಾಟ್‌ನಲ್ಲಿ. ಸ್ಟೇಡಿಯಂ ಹತ್ತಿರವೇ. ಹಾಗಾಗಿ ಒಂದೇ ಗೋಲು ನಮ್ಮ ಮನೆಗೆ ಮೂರು ಸಲ ಬರುತ್ತದೆ. ಮೊದಲು ಸ್ಟೇಡಿಯಂನ ಐವತ್ತು ಸಾವಿರ ಗಂಟಲಿನಿಂದ ಕಿಟಕಿಗೆ. ಆಮೇಲೆ ಕೆಳಗಿನ ಅಜ್ಜನ ಡಿಶ್ ಟಿವಿಗೆ. ಕೊನೆಗೆ, ಅರ್ಧ ನಿಮಿಷ ಬಿಟ್ಟು, ಇಂಟರ್ನೆಟ್ಟಿನ ಗಲ್ಲಿಗಲ್ಲಿ ಸುತ್ತಿ ನನ್ನ ಟಿವಿಗೆ. ತಿಂಗಳಿಗೆ ಒಂದಿಷ್ಟು ಯೂರೋ ಉಳಿಸಲು ಹೋಗಿ ನಾನು ಹಳಸಿದ ಗೋಲು ತಿನ್ನುತ್ತಿದ್ದೆ.

51ನೇ ನಿಮಿಷಕ್ಕೆ ಕೆಳಗಿನಿಂದ ಯಾರೋ ಸತ್ತಂತೆ ಒಂದು ನರಳಾಟ ಬಂತು. ಆಮೇಲೆ ನಿಧಾನಕ್ಕೆ ನನ್ನ ಟಿವಿಯಲ್ಲಿ ಸ್ಪೇನಿನ ಯಾಮಲ್ ಪಾಸ್ ಕೊಟ್ಟ, ಓಲ್ಮೊ ಗೋಲು ಹೊಡೆದ. ಈ ಯಾಮಲ್‌ಗೆ ಇನ್ನೂ 17 ತುಂಬಿರಲಿಲ್ಲ. ಆ ವಯಸ್ಸಿನಲ್ಲಿ ನಾನು ಪಿಯುಸಿ ಗಣಿತಕ್ಕೆ ಹೆದರಿ ಹಿತ್ತಲಲ್ಲಿ ಅಡಗುತ್ತಿದ್ದೆ.

ಇನ್ನೇನು ಮುಗಿಯಿತು ಅನ್ನುವಾಗ ಕಿಟಕಿಯ ಗಾಜು ನಡುಗುವಂಥ ಕೂಗು. ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು.

"ಏನಾತು?"

"ಇನ್ನೂ ಏನೂ ಆಗಿಲ್ಲ. ಅರ್ಧ ನಿಮಿಷ ತಡಿ."

ತಡೆದಳು. 89ನೇ ನಿಮಿಷ, ಜರ್ಮನಿಯ ವಿರ್ಟ್ಜ್, ಕಂಬಕ್ಕೆ ಬಡಿದು ಒಳಗೆ. 1-1. ನಾನೂ ಕುಣಿದೆ. ತೆರಿಗೆ ಕಟ್ಟುವ ದೇಶ, ಅಷ್ಟಾದರೂ ಬೇಡವಾ?

ಹೆಚ್ಚುವರಿ ಅರ್ಧ ಗಂಟೆ ಶುರುವಾಯಿತು. ಜರ್ಮನಿಯ ಮೂಸಿಯಾಲ ಒದ್ದ ಚೆಂಡು ಸ್ಪೇನಿನ ಕುಕುರೆಯ್ಯಾನ ಕೈಗೆ ಬಡಿಯಿತು, ಇಂಗ್ಲೆಂಡಿನ ರೆಫರಿ ಪೆನಾಲ್ಟಿ ಕೊಡಲಿಲ್ಲ. ಕೆಳಗಿನಿಂದ ಬಂದ ಶಬ್ದಗಳು ನನ್ನ ಜರ್ಮನ್ ಕೋರ್ಸಿನಲ್ಲಿ ಇರಲಿಲ್ಲ.

ಆಮೇಲೆ ಆ 119ನೇ ನಿಮಿಷ. ಸ್ಟೇಡಿಯಂ ಕಡೆಯಿಂದ ಸಣ್ಣದೊಂದು ಚೀರಾಟ, ಅಷ್ಟೇ. ಕೆಳಗೆ ಮೌನ. ಇಡೀ ಬೀದಿಯೇ ಮೌನ. ಕೂಗಿದ್ದರೆ ನನಗೆ ಸುಳಿವು ಸಿಗುತ್ತಿತ್ತು. ಮೌನದಿಂದ ಏನು ತಿಳಿಯಬೇಕು? ಪೆನಾಲ್ಟಿ ಶೂಟೌಟೇ ಗತಿ ಅಂತ ನೆಮ್ಮದಿಯಾಗಿ ಕೂತಿದ್ದೆ. ನನ್ನ ಟಿವಿಯಲ್ಲಿ ಓಲ್ಮೊ ಚೆಂಡು ಎತ್ತಿ ಕಳಿಸಿದ, ಮೆರೀನೊ ಗಾಳಿಯಲ್ಲಿ ತಿರುಚಿಕೊಂಡು ತಲೆ ಕೊಟ್ಟ. ಗೋಲು. ಸ್ಪೇನ್ 2, ಜರ್ಮನಿ 1.

ಧಾರವಾಡದವನ ಬಾಯಲ್ಲಿ ಅಂಥ ಹೊತ್ತಿಗೆ ಬರುವುದು ಒಂದೇ ಮಾತು. ತೆರೆದ ಕಿಟಕಿಯ ಪಕ್ಕ ನಿಂತು ಹೊಟ್ಟೆಯಿಂದ ಕೂಗಿದೆ: "ಹೋತಲೇ!"

ಸತ್ತ ಮನೆಯಂತಿದ್ದ ಬೀದಿಯಲ್ಲಿ ಆ ಒಂದೇ ಕೂಗು. ಬಾಲ್ಕನಿಯಲ್ಲಿ ಹಳದಿ-ಕೆಂಪು ಬಟ್ಟೆ ಇದ್ದ ಮನೆಯಿಂದ. ದೂರದವರಿಗೆ ಅದು ಹೇಗೆ ಕೇಳಿಸಿರಬೇಕು? "ಓಲೇ!"

ಟಿವಿಯಲ್ಲಿ ಮೆರೀನೊ ಮೂಲೆಯ ಬಾವುಟದ ಕೋಲು ಸುತ್ತುತ್ತಿದ್ದ. 1991ರಲ್ಲಿ ಅವನ ಅಪ್ಪ ಒಸಾಸುನಾ ತಂಡದ ಪರ ಇದೇ ಸ್ಟೇಡಿಯಂನಲ್ಲಿ ಗೋಲು ಹೊಡೆದು ಹೀಗೇ ಸುತ್ತಿದ್ದನಂತೆ. ಅಪ್ಪ ಹರಕೆ ಹೊತ್ತ ಗುಡಿಗೆ ಮಗ ಪ್ರದಕ್ಷಿಣೆ ಹಾಕಿದ ಹಾಗೆ. ಬೇರೆ ದಿನವಾಗಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಮರುದಿನ ಶನಿವಾರ. ಈ ಊರಿನಲ್ಲಿ ಕೇರ್‌ವೊಖೆ ಅಂತ ಒಂದು ಪದ್ಧತಿ ಇದೆ. ಸರದಿ ಪ್ರಕಾರ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಬೇಕು. ಸರದಿಯ ಹಲಗೆ ಆ ವಾರ ನಮ್ಮ ಬಾಗಿಲಲ್ಲೇ ತೂಗುತ್ತಿತ್ತು. ಕಸಬರಿಗೆ ಹಿಡಿದು ಬಗ್ಗಿದ್ದಾಗ ಅಜ್ಜ ಬಂದರು. ಟೊಪ್ಪಿಗೆ ತೆಗೆದರು. ಕೈ ಚಾಚಿದರು. "ಅಭಿನಂದನೆ" ಎಂದರು. ನಂತರ ತಮ್ಮ ಎಡಗೈ ತೋರಿಸಿ "ಹಾಂಡ್! ಹಾಂಡ್!" ಎಂದು ಹತ್ತು ನಿಮಿಷ ಪೆನಾಲ್ಟಿಯ ಅನ್ಯಾಯ ವಿವರಿಸಿದರು. ನಾನು ಸ್ಪೇನಿನ ಪರವಾಗಿ ತಲೆ ತಗ್ಗಿಸಿದೆ.

ನಿಜ ಹೇಳೋಣ ಅಂತ ಒಳಗೆ ಹೋಗಿ ಶಲ್ಯ ತಂದೆ. ಇದು ನಮ್ಮ ನಾಡಿನ ಬಣ್ಣ, ನಮ್ಮಲ್ಲಿ ಅರಿಶಿನ-ಕುಂಕುಮ ಅಂತ ಇದೆ ಎಂದು ಹರಕು ಜರ್ಮನ್‌ನಲ್ಲಿ ಶುರುಮಾಡಿ, ಕೆಂಪು ಭಾಗ ಮುಟ್ಟಿ "ಕುಂಕುಮ" ಎಂದೆ. ಜರ್ಮನ್ ಭಾಷೆಯಲ್ಲಿ ಕುರ್ಕುಮಾ ಅಂದರೆ ಅರಿಶಿನ! ಅಜ್ಜ ಪಾಪದವನನ್ನು ನೋಡುವಂತೆ ನನ್ನನ್ನು ನೋಡಿ, ಹಳದಿ ಭಾಗ ಮುಟ್ಟಿ, "ಕುರ್ಕುಮಾ ಇದು" ಎಂದು ತಿದ್ದಿದರು. ಆಮೇಲೆ ಎಣ್ಣೆ ಕಲೆಯನ್ನು ಮೂಸಿ ಮುಖ ಅರಳಿಸಿದರು. "ಆಹ್! ಪಯೇಯಾ!"

ಸ್ಪೇನಿನ ಹಳದಿ ಅನ್ನ. ಅಲ್ಲಿಗೆ ನನ್ನ ಪೌರತ್ವ ಖಾಯಂ ಆಯಿತು.

ಜುಲೈ 14ರಂದು ಬರ್ಲಿನ್‌ನಲ್ಲಿ ಫೈನಲ್. ಸ್ಪೇನ್ 2, ಇಂಗ್ಲೆಂಡ್ 1. ಓಯಾರ್ಸಾಬಾಲ್ 86ನೇ ನಿಮಿಷಕ್ಕೆ ಹೊಡೆದ ಗೋಲನ್ನು ನನಗಿಂತ ಮೊದಲು ಕಂಡ ಅಜ್ಜ ಕೆಳಗಿನಿಂದ ಕೋಲಿನಲ್ಲಿ ನಮ್ಮ ನೆಲ ಕುಟ್ಟಿ ಖುಷಿ ಸುದ್ದಿ ಕೊಟ್ಟರು. ಆಗ ರಾತ್ರಿ ಹತ್ತೂಮುಕ್ಕಾಲು. ಭಾನುವಾರ ಬೇರೆ.

ನವೆಂಬರ್ 1 ಇಲ್ಲಿ ಎಲ್ಲ ಸಂತರ ಹಬ್ಬ, ರಜೆ, ಸದ್ದಿಲ್ಲದ ದಿನ. ಕನ್ನಡದವರೆಲ್ಲ ಸೇರುವುದಿತ್ತು. ಕಲೆ ಮಡಿಕೆಯೊಳಗೆ ಮುಚ್ಚಿ, ಶಲ್ಯ ಹೆಗಲಿಗೆ ಹಾಕಿ ಇಳಿದೆ. ಅಜ್ಜ ಮೆಟ್ಟಿಲಲ್ಲಿ ಸಿಕ್ಕರು. ಶಲ್ಯ ನೋಡಿದರು, ಗಡಿಯಾರ ನೋಡಿಕೊಂಡರು.

"ಇವತ್ತು ಯಾರ ಜೊತೆ?"