ಅದರಲ್ಲಿ ಚಾಕೊಲೇಟ್ ಇಲ್ಲ

ಬ್ರೂಕ್ಲಿನ್ ಬ್ಲ್ಯಾಕ್ ಚಾಕೊಲೇಟ್ ಸ್ಟೌಟ್ ಎಂಬ ಅಮೆರಿಕದ ಕಪ್ಪು ಬಿಯರ್‌ಗೆ ಚಾಕೊಲೇಟ್ ಬೆರೆಸುತ್ತಾರೆಂದು ಲೇಖನದಲ್ಲಿ ಬರೆದಿದ್ದೀರಿ. ಇಲ್ಲ, ಅದಕ್ಕೆ ಒಂದು ಚೂರೂ ಬೀಳುವುದಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಕಪ್ಪಾಗುವವರೆಗೆ ಹುರಿಯುತ್ತಾರೆ, ಆ ರುಚಿಯೆಲ್ಲ ಅದರದೇ. ಕಾಫಿ ಬೀಜ ಹುರಿಯುವುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ನಿಜವಾದ ಚಾಕೊಲೇಟ್ ಇರುವುದು ಇಂಗ್ಲೆಂಡಿನ ಯಂಗ್ಸ್ ಡಬಲ್ ಚಾಕೊಲೇಟ್ ಸ್ಟೌಟ್‌ನಲ್ಲಿ. ಅದರ ಮದ್ಯಸಾರ ಶೇ 5.2, ಬ್ರೂಕ್ಲಿನ್‌ನದು ಶೇ 10.

ಕಳೆದ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿರುವ ತಮ್ಮನ ಮನೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಸವಿದಿದ್ದೇನೆ. ಯಂಗ್ಸ್ ನಾಲಿಗೆಯ ಮೇಲೆ ಕೆನೆಯಂತೆ ಜಾರಿತು, ಹಿತವಾಗಿತ್ತು, ಅಷ್ಟೇ. ಬ್ರೂಕ್ಲಿನ್‌ನದು ಹಾಗಲ್ಲ. ಲೋಟವನ್ನು ದೀಪಕ್ಕೆ ಹಿಡಿದರೂ ಬೆಳಕು ತೂರಲಿಲ್ಲ, ನೊರೆ ಮಾತ್ರ ಬೆಲ್ಲದ ಬಣ್ಣ. ಫ್ರಿಜ್‌ನಿಂದ ತೆಗೆದೊಡನೆ ಬರೀ ಕಹಿ ಎನಿಸಿತು. ಇಪ್ಪತ್ತು ನಿಮಿಷ ಹಾಗೆಯೇ ಬಿಟ್ಟೆವು. ಆಮೇಲೆ ಒಣದ್ರಾಕ್ಷಿ, ಚಿಕೋರಿಯಿಲ್ಲದ ಗಟ್ಟಿ ಡಿಕಾಕ್ಷನ್, ಸಿಹಿ ಕಡಿಮೆಯಿರುವ ಕೋಕೋ, ಎಲ್ಲವೂ ಒಂದೊಂದಾಗಿ ಬಂದವು. ಗಂಟಲಿಗಿಳಿದ ಮೇಲೆ ಎದೆಯಲ್ಲಿ ಬಿಸಿ.

1994ರಲ್ಲಿ ಇದನ್ನು ರೂಪಿಸಿದ ಗ್ಯಾರೆಟ್ ಆಲಿವರ್ ಅವರ ಕೈಚಳಕವೇ ಅದು. ದಯವಿಟ್ಟು ಚಾಕೊಲೇಟ್ ಬೆರೆಸುತ್ತಾರೆಂಬ ಸಾಲನ್ನು ತಿದ್ದಿ. ಮಂಜಿನಷ್ಟು ತಣ್ಣಗೆ ಕುಡಿಯಬೇಕೆಂಬ ಸಲಹೆಯನ್ನೂ ತೆಗೆದುಹಾಕಿ.